ಜಾಮೀನು ನಿಂತವರು

ನಮ್ಮ ಇಂಜಿನಿಯರಿಂಗ್ ಕಾಲೇಜಿಗೆ ಯೂನಿವರ್ಸಿಟಿಯಿಂದ ಇನ್‌ಸ್ಪೆಕ್ಷನ್ ಬರೋ ಹಿಂದಿನ ದಿನ ಲ್ಯಾಬಿಗೆ ಹೊಸ ಕಂಪ್ಯೂಟರ್‌ಗಳು ಬರ್ತಿದ್ದವು. ಇನ್‌ಸ್ಪೆಕ್ಷನ್ ಮುಗಿದ ಸಂಜೆ ವಾಪಸ್ ಹೋಗ್ತಿದ್ದವು. ಅದೇ ಟ್ರಸ್ಟಿನ ಇನ್ನೊಂದು ಸಂಸ್ಥೆಯಿಂದ ಟೆಂಪೋದಲ್ಲಿ ಬರ್ತಿದ್ದ ಆ ಡಬ್ಬಗಳನ್ನ ಇಳಿಸೋಕೆ ಹಾಸ್ಟೆಲ್ ಹುಡುಗರಾದ ನಾವೇ ಹೋಗ್ತಿದ್ವಿ. ಇಳಿಸಿದ್ದಕ್ಕೆ ರಾತ್ರಿ ಮೆಸ್‌ನಲ್ಲಿ ಒಂದು ಸ್ವೀಟ್ ಜಾಸ್ತಿ. ಸ್ಟಾಫ್ ರೂಮಿನಲ್ಲಿ ಅವತ್ತು ನಾವು ಯಾವತ್ತೂ ನೋಡಿರದ ಇಬ್ಬರು ಪ್ರೊಫೆಸರ್‌ಗಳು ಕೋಟು ಹಾಕ್ಕೊಂಡು ಕೂತಿರ್ತಿದ್ರು. ಬಿ.ಇ. ಮಾಡಿದವರಲ್ಲಿ ಕೆಲವರಾದ್ರೂ ಇದನ್ನ ಓದಿ ನಗ್ತಿರ್ತೀರಿ, ನಿಮ್ಮ ಕಾಲೇಜೂ ನೆನಪಾಗಿರತ್ತೆ.

ನಾನು ಐದನೇ ಸೆಮಿಸ್ಟರ್‌ನಲ್ಲಿದ್ದಾಗ ಬಂದ ಕಮಿಟಿಯಲ್ಲಿ ಒಬ್ಬರು ವಯಸ್ಸಾದ ಮೇಷ್ಟ್ರಿದ್ದರು. ಉಳಿದವರು ಪ್ರಿನ್ಸಿಪಾಲ್ ಜೊತೆ ಗೋಡಂಬಿ ತಿಂತಾ ಕೂತಿದ್ದಾಗ ಅವರೊಬ್ರೇ ಲ್ಯಾಬಿಗೆ ಬಂದ್ರು. ನನ್ನ ಪಕ್ಕದ ಸ್ಟೂಲ್ ಎಳ್ಕೊಂಡು ಕೂತು, "ಏನಪ್ಪಾ, ವಾರಕ್ಕೊಂದು ಸಲ ಲ್ಯಾಬ್ ಸರಿಯಾಗಿ ನಡೆಯುತ್ತಾ?" ಅಂತ ಮೆಲ್ಲಗೆ ಕೇಳಿದ್ರು. ಸುತ್ತ ಯಾರೂ ಇರಲಿಲ್ಲ. ಆ ಸೆಮಿಸ್ಟರ್‌ನಲ್ಲಿ ಲ್ಯಾಬ್ ನಡೆದದ್ದು ಮೂರು ಸಲ.

"ಹೌದು ಸರ್" ಅಂದೆ.

ಅವರು ನನ್ನ ಮುಖ ಒಂದು ಗಳಿಗೆ ನೋಡಿದ್ರು. ಮುಂದಿದ್ದ ಕಂಪ್ಯೂಟರಿನ ಮೇಲೆ ಕೈ ಇಟ್ಟು, "ಇನ್ನೂ ಪ್ಲಾಸ್ಟಿಕ್ ಕವರ್ ಕೂಡ ತೆಗೆದಿಲ್ವಲ್ಲೋ" ಅಂದು ಎದ್ದು ಹೋದ್ರು. ಆ ವರ್ಷವೂ ಕಾಲೇಜಿಗೆ ಅನುಮತಿ ಸಿಕ್ಕಿತು. ನನ್ನ ಡಿಗ್ರಿ ಸರ್ಟಿಫಿಕೇಟಿನ ಮೇಲೆ ದೊಡ್ಡ ಅಕ್ಷರದಲ್ಲಿರೋದು ಅನುಮತಿ ಕೊಟ್ಟ ಯೂನಿವರ್ಸಿಟಿಯ ಹೆಸರು.

ಆ "ಹೌದು ಸರ್" ಬಹಳ ವರ್ಷ ಮರೆತೇಹೋಗಿತ್ತು. ಅದು ವಾಪಸ್ ಬಂದದ್ದು ಅಮೆರಿಕಾದ ಮಿಶಿಗನ್‌ನಲ್ಲಿ.

2016ರಿಂದ ಎರಡು ವರ್ಷ ಚಿಲ್ಲರೆ ನಾನು ಡೆಟ್ರಾಯ್ಟ್ ಹತ್ತಿರ ಆನ್‌ಸೈಟ್ ಇದ್ದೆ. ಕಾರು ಕಂಪನಿಗಳಿಂದಾಗಿ ಆ ಕಡೆ ನಮ್ಮವರು ಬಹಳ ಜನ, ಯುಗಾದಿಗೆ ಒಬ್ಬಟ್ಟು ಸಿಗೋ ಅಷ್ಟು. ನಾವೆಲ್ಲ ಇದ್ದದ್ದು ಟ್ರಾಯ್, ನೊವೈ ಥರದ ಊರುಗಳಲ್ಲಿ. ಮನೆ ಹುಡುಕೋವಾಗ ಸೀನಿಯರ್‌ಗಳು ಮೊದಲು ಹೇಳ್ತಿದ್ದದ್ದೇ "ಸ್ಕೂಲ್ ಡಿಸ್ಟ್ರಿಕ್ಟ್ ನೋಡ್ಕೋ" ಅಂತ. ಬಾಡಿಗೆ ಜಾಸ್ತಿ ಕೊಟ್ರೆ ಒಳ್ಳೆ ಸರ್ಕಾರಿ ಶಾಲೆ. ಕೊಡೋಕೆ ಆಗದವರು? ಆ ಪ್ರಶ್ನೆ ನಮ್ಮ ವೀಕೆಂಡ್ ಊಟಗಳಲ್ಲಿ ಬರ್ತಿರಲಿಲ್ಲ.

ನನ್ನ ಟೀಮ್‌ನಲ್ಲಿ ಟೆಸ್ಟಿಂಗ್ ನೋಡ್ಕೊಳ್ತಿದ್ದ ಒಬ್ಬರು ಡೆಟ್ರಾಯ್ಟ್ ಊರೊಳಗಿನವರು. ಕಪ್ಪು ಜನಾಂಗದ ಹೆಂಗಸು, ನನಗಿಂತ ಹತ್ತು ವರ್ಷ ದೊಡ್ಡವರು. ಹುಟ್ಟಿ ಬೆಳೆದದ್ದೆಲ್ಲ ಅಲ್ಲೇ. ಒಂದು ದಿನ ಊಟದ ಹೊತ್ತಲ್ಲಿ ಒಂದು ಪತ್ರ ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದರು. ಮಗಳ ಶಾಲೆ ಜೂನ್‌ಗೆ ಮುಚ್ಚುತ್ತೆ. ಮುಚ್ಚೋ ತೀರ್ಮಾನ ತಗೊಂಡದ್ದು ಒಂದು ಯೂನಿವರ್ಸಿಟಿ.

ನಂಗೆ ಅರ್ಥವಾಗಲಿಲ್ಲ. ನಾಲ್ಕನೇ ಕ್ಲಾಸಿನ ಹುಡುಗಿ ಓದೋ ಶಾಲೆಗೂ ಯೂನಿವರ್ಸಿಟಿಗೂ ಏನು ಸಂಬಂಧ? ಅವರು ವಿವರಿಸಿದ್ರು. ಆಮೇಲೆ ನಾನೂ ಒಂದಿಷ್ಟು ದಿನ ಅದನ್ನೇ ಹಿಡ್ಕೊಂಡು ಓದಿದೆ. ಇಂಜಿನಿಯರ್ ಬುದ್ಧಿ. ಸಿಸ್ಟಮ್ ಹೇಗೆ ಕೆಲಸ ಮಾಡುತ್ತೆ ಅಂತ ಗೊತ್ತಾಗೋವರೆಗೂ ನಿದ್ದೆ ಬರೋಲ್ಲ.

ಅಲ್ಲಿ ಚಾರ್ಟರ್ ಶಾಲೆ ಅಂತ ಒಂದು ಬಗೆ ಇದೆ. ಖಾಸಗಿ ಶಾಲೆ ಅಲ್ಲ. ದುಡ್ಡು ಸರ್ಕಾರದ್ದು, ಫೀಸಿಲ್ಲ, ಸೇರೋಕೆ ಪರೀಕ್ಷೆಯಿಲ್ಲ, ಸೀಟಿಗಿಂತ ಜಾಸ್ತಿ ಮಕ್ಕಳು ಬಂದ್ರೆ ಲಾಟರಿ ಎತ್ತುತ್ತಾರೆ. ಊರಿನ ಸರ್ಕಾರಿ ಶಾಲೆಗಳನ್ನ ನಡೆಸೋ ಡಿಸ್ಟ್ರಿಕ್ಟಿನ ಕೈಕೆಳಗೆ ಮಾತ್ರ ಅದು ಬರೋಲ್ಲ. ಒಂದು ಒಪ್ಪಂದ ಬರೆದುಕೊಂಡು, ಇಷ್ಟು ವರ್ಷದಲ್ಲಿ ಮಕ್ಕಳಿಗೆ ಇಷ್ಟು ಕಲಿಸ್ತೀವಿ ಅಂತ ಮಾತು ಕೊಟ್ಟು, ಅದಕ್ಕೆ ಬದಲಾಗಿ ಪಾಠ, ಟೀಚರ್, ವೇಳಾಪಟ್ಟಿ ಎಲ್ಲದರಲ್ಲೂ ಸ್ವಾತಂತ್ರ್ಯ ತಗೊಳ್ಳುತ್ತೆ. ಮಾತು ತಪ್ಪಿದ್ರೆ ಒಪ್ಪಂದ ರದ್ದು. ಈ ವಿಚಾರವನ್ನ ದೊಡ್ಡ ದನಿಯಲ್ಲಿ ಮೊದಲು ಹೇಳಿದವರಲ್ಲಿ ಶಿಕ್ಷಕರ ಯೂನಿಯನ್ ನಾಯಕ ಆಲ್ಬರ್ಟ್ ಶಾಂಕರ್ ಒಬ್ಬರು, 1988ರಲ್ಲಿ. ಟೀಚರ್‌ಗಳೇ ಸೇರಿ ಹೊಸ ರೀತಿ ಪಾಠ ಮಾಡಿ ನೋಡೋ ಜಾಗ ಆಗಲಿ ಅಂತ ಅವರ ಆಸೆ. ಆಮೇಲೆ ಇದು ಹೋದ ದಾರಿ ನೋಡಿ ಅವರೇ ವಿರೋಧಿಯಾದ್ರು. ಮೊದಲ ಕಾನೂನು ಬಂದದ್ದು 1991ರಲ್ಲಿ, ಮಿನೆಸೋಟಾದಲ್ಲಿ. ಮಿಶಿಗನ್‌ನಲ್ಲಿ 1993ರಲ್ಲಿ.

ಇಂಥ ಶಾಲೆಗೆ ಅನುಮತಿ ಕೊಡೋರು ಯಾರು? ಡಿಸ್ಟ್ರಿಕ್ಟನ್ನೇ ಕೇಳಿ ಅನ್ನೋದು, ಹೊಸ ದರ್ಶಿನಿ ತೆಗೆಯೋಕೆ ಪಕ್ಕದ ದರ್ಶಿನಿ ಓನರ್ ಹತ್ತಿರ ಪರ್ಮಿಷನ್ ಕೇಳಿದ ಹಾಗೆ. ಮಿಶಿಗನ್ ಆ ಅಧಿಕಾರವನ್ನ ಸರ್ಕಾರಿ ಯೂನಿವರ್ಸಿಟಿಗಳಿಗೂ ಕೊಟ್ಟಿತು. ಅದನ್ನ ಎಲ್ಲರಿಗಿಂತ ಹುರುಪಿನಿಂದ ಕೈಗೆತ್ತಿಕೊಂಡದ್ದು ಮೌಂಟ್ ಪ್ಲೆಸೆಂಟ್ ಅನ್ನೋ ಸಣ್ಣ ಊರಿನ ಸೆಂಟ್ರಲ್ ಮಿಶಿಗನ್ ಯೂನಿವರ್ಸಿಟಿ. 1892ರಲ್ಲಿ ಶುರುವಾದಾಗ ಅದು ಟೀಚರ್‌ಗಳನ್ನ ತಯಾರು ಮಾಡೋ ಸಂಸ್ಥೆ. ಹಾಗಾಗಿ ಈ ಕೆಲಸ ಅದಕ್ಕೆ ಹೊರಗಿನದೇನೂ ಅಲ್ಲ. ಇವತ್ತು ಐವತ್ತಕ್ಕೂ ಹೆಚ್ಚು ಶಾಲೆಗಳು ಅದರ ಸಹಿಯ ಮೇಲೆ ನಡೀತಿವೆ. ಅವನ್ನ ನೋಡ್ಕೊಳ್ಳೋಕೇ ಅಲ್ಲೊಂದು ಸೆಂಟರ್ ಇದೆ. ಅದಕ್ಕಿಟ್ಟಿರೋದು ಆಗಿನ ಗವರ್ನರ್ ಜಾನ್ ಎಂಗ್ಲರ್ ಹೆಸರು.

ಯೂನಿವರ್ಸಿಟಿ ಶಾಲೆಯನ್ನ ತಾನೇ ನಡೆಸೋಲ್ಲ. ಅರ್ಜಿ ಹಾಕಿದವರ ಯೋಜನೆ ಓದುತ್ತೆ, ಒಪ್ಪಂದ ಬರೆಯುತ್ತೆ, ಶಾಲೆಯ ಆಡಳಿತ ಮಂಡಳಿಗೆ ಸದಸ್ಯರನ್ನ ನೇಮಿಸುತ್ತೆ. ಆ ಸದಸ್ಯರು ಊರಿನ ಜನ, ಪ್ರಮಾಣವಚನ ತಗೊಂಡು ಕೂರೋರು. ಅವರಿಗೆ ಬಜೆಟ್ ಓದೋದು, ಪ್ರಿನ್ಸಿಪಾಲ್‌ಗೆ ಪ್ರಶ್ನೆ ಕೇಳೋದು ಕಲಿಸುತ್ತೆ. ಶಾಲೆಗೆ ಜನ ಕಳಿಸಿ ನೋಡುತ್ತೆ. ಲೆಕ್ಕಪತ್ರ ಸಮಯಕ್ಕೆ ಬಂತಾ, ಕಟ್ಟಡಕ್ಕೆ ಸರ್ಟಿಫಿಕೇಟ್ ಇದೆಯಾ ಅಂತ ಬೆನ್ನು ಹತ್ತುತ್ತೆ. ಮುಖ್ಯವಾಗಿ, ಮಕ್ಕಳು ಎಷ್ಟು ಕಲಿತರು ಅಂತ ಅಳೆಯುತ್ತೆ. ಇಲ್ಲೊಂದು ವಿಷಯ ನಂಗೆ ಇಷ್ಟವಾಯ್ತು. ಬರೀ ಎಷ್ಟು ಮಾರ್ಕ್ಸ್ ಅಂತ ನೋಡೋದಕ್ಕೂ, ವರ್ಷದ ಶುರುವಿನಲ್ಲಿ ಮಗು ಎಲ್ಲಿತ್ತು, ಕೊನೆಗೆ ಎಲ್ಲಿಗೆ ಬಂತು ಅಂತ ನೋಡೋದಕ್ಕೂ ವ್ಯತ್ಯಾಸ ಇದೆ. ಐದನೇ ಕ್ಲಾಸಿಗೆ ಬಂದ ಹುಡುಗ ಮೂರನೇ ಕ್ಲಾಸಿನ ಪುಸ್ತಕ ಓದೋಕೆ ತಡಕಾಡ್ತಿದ್ರೆ, ಅವನನ್ನ ಒಂದೇ ವರ್ಷದಲ್ಲಿ ನಾಲ್ಕೂವರೆಗೆ ತಂದ ಟೀಚರ್ ಪರೀಕ್ಷೆಯ ಲೆಕ್ಕದಲ್ಲಿ ಫೇಲು, ಬೆಳವಣಿಗೆಯ ಲೆಕ್ಕದಲ್ಲಿ ಬಂಗಾರ. ನಮ್ಮೂರ ಶಾಲೆಯ ಮೇಷ್ಟ್ರನ್ನ ಯಾರಾದ್ರೂ ಹೀಗೆ ಅಳೆದಿದ್ರೆ ಅವರಿಗೆ ನಿವೃತ್ತಿ ದಿನ ಸಿಕ್ಕ ಶಾಲಿಗಿಂತ ದೊಡ್ಡದೇನೋ ಸಿಗ್ತಿತ್ತು.

ಇಷ್ಟೆಲ್ಲ ಮಾಡೋಕೆ ಯೂನಿವರ್ಸಿಟಿಗೆ ದುಡ್ಡೂ ಉಂಟು. ಶಾಲೆಗೆ ರಾಜ್ಯದಿಂದ ಬರೋ ಹಣದಲ್ಲಿ 3 ಪರ್ಸೆಂಟ್‌ವರೆಗೂ ಇಟ್ಟುಕೊಳ್ಳಬಹುದು ಅಂತ ಕಾನೂನೇ ಹೇಳುತ್ತೆ. ನಾನಲ್ಲಿದ್ದಾಗ ಮಗುವಿಗೆ ವರ್ಷಕ್ಕೆ ಸುಮಾರು ಏಳೂವರೆ ಸಾವಿರ ಡಾಲರ್ ಬರ್ತಿತ್ತು. 600 ಮಕ್ಕಳ ಶಾಲೆ ಅಂದ್ರೆ ಯೂನಿವರ್ಸಿಟಿಗೆ ವರ್ಷಕ್ಕೆ 1,35,000 ಡಾಲರ್. ಈ ಸಂಖ್ಯೆ ನೆನಪಿಟ್ಕೊಳ್ಳಿ.

ನನ್ನ ಸಹೋದ್ಯೋಗಿಯ ಮಗಳ ಶಾಲೆಗೆ ಸಹಿ ಹಾಕಿದ್ದ ಯೂನಿವರ್ಸಿಟಿ ಯಾವುದು ಅಂತ ಬರೆಯೋಲ್ಲ. ಈ ಕೆಲಸ ಮಾಡೋ ಯೂನಿವರ್ಸಿಟಿಗಳು ಆ ರಾಜ್ಯದಲ್ಲಿ ಹಲವು ಇವೆ. ಶಾಲೆಯ ಕಥೆ ಇಷ್ಟು. ನಡೆಸ್ತಿದ್ದದ್ದು ಒಂದು ಮ್ಯಾನೇಜ್‌ಮೆಂಟ್ ಕಂಪನಿ, ಲಾಭಕ್ಕೆ. ಮಿಶಿಗನ್‌ನ ಚಾರ್ಟರ್ ಶಾಲೆಗಳಲ್ಲಿ ಹೆಚ್ಚಿನವು ಹೀಗೇ. ಆ ಹುಡುಗಿಗೆ ಒಂದೇ ವರ್ಷದಲ್ಲಿ ಮೂರು ಜನ ಕ್ಲಾಸ್ ಟೀಚರ್. ಓದೋದ್ರಲ್ಲಿ ಒಂದೂವರೆ ವರ್ಷ ಹಿಂದೆ. ಆದ್ರೆ ಶಾಲೆ ಅಜ್ಜಿ ಮನೆಯಿಂದ ನಡ್ಕೊಂಡು ಹೋಗೋ ದೂರ, ಅಲ್ಲೊಬ್ಬರು ಮ್ಯೂಸಿಕ್ ಟೀಚರ್ ಇದ್ದರು, ಸಂಜೆ ಆರರವರೆಗೂ ಮಕ್ಕಳನ್ನ ಇಟ್ಟುಕೊಳ್ತಿದ್ರು.

ಮುಚ್ಚೋ ಮೊದಲು ಶಾಲೆಯ ಜಿಮ್‌ನಲ್ಲಿ ಸಭೆ ಕರೆದಿದ್ರಂತೆ. ಯೂನಿವರ್ಸಿಟಿಯವರು ಒಂದು ಉದ್ದ ಟೇಬಲ್ ಹಿಂದೆ ಕೂತು ಗ್ರಾಫ್ ತೋರಿಸಿದ್ರು. ನಾಲ್ಕು ವರ್ಷದಿಂದ ಗೆರೆ ಮೇಲೆ ಹೋಗಿಲ್ಲ. ಅಪ್ಪ ಅಮ್ಮಂದಿರು ಬೋರ್ಡ್ ಹಿಡ್ಕೊಂಡು ನಿಂತಿದ್ರು, ಶಾಲೆ ಮುಚ್ಚಬೇಡಿ ಅಂತ. ಇವರೂ ಒಂದು ಬೋರ್ಡ್ ಹಿಡಿದಿದ್ರು.

"ಮಗಳು ಹಿಂದೆ ಬಿದ್ದಿದ್ದಾಳೆ ಅಂತ ನಿಮಗೆ ಗೊತ್ತಿತ್ತಲ್ಲ?" ಅಂತ ಕೇಳಿದೆ. ಕೇಳಬಾರದಿತ್ತೇನೋ.

ಅವರು ಹೇಳಿದ್ದನ್ನ ನನ್ನ ಕನ್ನಡದಲ್ಲಿ ಹೇಳ್ತೀನಿ. "ಗೊತ್ತಿತ್ತು. ಅವರು ಗ್ರಾಫಿನಲ್ಲಿ ಹೇಳಿದ್ದು ಒಂದೂ ಸುಳ್ಳಲ್ಲ. ನನ್ನ ಸಿಟ್ಟೇ ಅದು. ಐದು ವರ್ಷದ ಹಿಂದೆ ಇದೇ ಯೂನಿವರ್ಸಿಟಿಯ ಹೆಸರು ನೋಡಿ ನಾನು ಮಗಳನ್ನ ಅಲ್ಲಿ ಸೇರಿಸಿದೆ. ಯೂನಿವರ್ಸಿಟಿ ನೋಡಿ ಒಪ್ಪಿದೆ ಅಂದ್ರೆ ಸರಿಯಾಗೇ ಇರುತ್ತೆ ಅಂದುಕೊಂಡೆ. ಈಗ ಅವರೇ ಬಂದು ಇದು ಕೆಟ್ಟ ಶಾಲೆ ಅಂತಾರೆ. ಆ ಐದು ವರ್ಷ ಯಾರ ಲೆಕ್ಕಕ್ಕೆ?"

ಆವಾಗಲೇ ನಂಗೆ ನಮ್ಮ ಲ್ಯಾಬು, ಆ ಮೇಷ್ಟ್ರು, ಪ್ಲಾಸ್ಟಿಕ್ ಕವರ್ ಎಲ್ಲ ನೆನಪಾದದ್ದು. ನಾನು ಸುಳ್ಳು ಹೇಳಿದ್ದು ಪ್ರಿನ್ಸಿಪಾಲ್ ಭಯಕ್ಕಲ್ಲ. ನಿಜ ಹೇಳಿ ಕಾಲೇಜು ಮುಚ್ಚಿಬಿಟ್ರೆ ನಾನೆಲ್ಲಿಗೆ ಹೋಗಲಿ? ಅಪ್ಪ ಕೊಬ್ಬರಿ ಮಾರಿ ಎರಡೂವರೆ ವರ್ಷದ ಫೀಸು ಕಟ್ಟಾಗಿತ್ತು. ಕೆಟ್ಟ ಶಾಲೆಯಿಂದ ಅತಿ ಹೆಚ್ಚು ಕಳ್ಕೊಳ್ಳೋರು ಯಾರೋ, ಅದನ್ನ ಕಾಪಾಡೋಕೆ ಬೋರ್ಡ್ ಹಿಡಿದು ನಿಲ್ಲೋರೂ ಅವರೇ. ಅವರಿಗೆ ಬುದ್ಧಿಯಿಲ್ಲ ಅಂತಲ್ಲ. ಈಗ ಕೈಯಲ್ಲಿರೋದು ಹೋದ್ರೆ ಮುಂದೆ ಸಿಗೋದು ಇದಕ್ಕಿಂತ ಕಡೆ ಅಂತ ಅವರ ಅನುಭವ ಅವರಿಗೆ ಹೇಳ್ಕೊಟ್ಟಿರುತ್ತೆ.

ಈ ಅನುಭವ ಬರೀ ಹೆದರಿಕೆಯಾ, ನಿಜವಾ? ಅದಕ್ಕೆ ಅಂಕಿಅಂಶ ಇದೆ. ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿಯ ಕ್ರೆಡೋ ಅನ್ನೋ ಕೇಂದ್ರ 2017ರಲ್ಲಿ ಒಂದು ಅಧ್ಯಯನ ಹೊರತಂದಿತು. 26 ರಾಜ್ಯಗಳಲ್ಲಿ ಕಲಿಕೆ ಕಡಿಮೆ ಅಂತ ಗುರುತಿಸಿ, ಮುಚ್ಚಿದ 1,522 ಶಾಲೆಗಳ ಮಕ್ಕಳು ಆಮೇಲೆ ಏನಾದ್ರು ಅಂತ ಹಿಂಬಾಲಿಸಿ ನೋಡಿದ್ರು. ಅದರಲ್ಲಿ ಚಾರ್ಟರ್ ಶಾಲೆಗಳೂ ಇದ್ದವು, ಮಾಮೂಲಿ ಸರ್ಕಾರಿ ಶಾಲೆಗಳೂ ಇದ್ದವು. ಮೊದಲಿಗಿಂತ ಒಳ್ಳೆ ಶಾಲೆ ಸಿಕ್ಕಿದ್ದು ಅರ್ಧಕ್ಕಿಂತ ಸ್ವಲ್ಪ ಕಡಿಮೆ ಮಕ್ಕಳಿಗೆ. ಒಳ್ಳೆ ಶಾಲೆ ಸಿಕ್ಕವರು ಚೆನ್ನಾಗಿ ಕಲಿತರು. ಉಳಿದವರಿಗೆ ಮೊದಲಿಗಿಂತ ನಷ್ಟವೇ ಆಯ್ತು. ಇನ್ನೊಂದು ಮಾತೂ ಅದರಲ್ಲಿತ್ತು. ಒಂದೇ ಮಟ್ಟದ ಎರಡು ಕೆಟ್ಟ ಶಾಲೆಗಳಿದ್ರೆ, ಕಪ್ಪು ಮತ್ತು ಬಡ ಮಕ್ಕಳು ಜಾಸ್ತಿ ಇರೋ ಶಾಲೆ ಮುಚ್ಚೋ ಸಾಧ್ಯತೆ ಹೆಚ್ಚು.

ಅಂದ್ರೆ ಜಿಮ್‌ನಲ್ಲಿ ಬೋರ್ಡ್ ಹಿಡಿದ ತಾಯಂದಿರ ಲೆಕ್ಕಾಚಾರ ನಾಣ್ಯ ಚಿಮ್ಮಿದಷ್ಟೇ ಸರಿ. ಟೇಬಲ್ ಹಿಂದೆ ಕೂತವರದ್ದೂ ಅಷ್ಟೇ ಸರಿ.

ಹಾಗಂತ ಚಾರ್ಟರ್ ಶಾಲೆಗಳೇ ಮೋಸ ಅಂತ ಹೇಳಿಬಿಟ್ರೆ ಅದೂ ಸುಳ್ಳು. ಅದೇ ಕ್ರೆಡೋ 2013ರಲ್ಲಿ ಮಿಶಿಗನ್ ಲೆಕ್ಕ ಹಾಕಿದಾಗ, ಅಲ್ಲಿನ ಚಾರ್ಟರ್ ಮಕ್ಕಳು ಅವರಂಥದ್ದೇ ಹಿನ್ನೆಲೆಯ ಡಿಸ್ಟ್ರಿಕ್ಟ್ ಮಕ್ಕಳಿಗಿಂತ ವರ್ಷಕ್ಕೆ ಸುಮಾರು ಎರಡು ತಿಂಗಳಷ್ಟು ಹೆಚ್ಚು ಕಲೀತಿದ್ರು, ಓದೋದ್ರಲ್ಲೂ ಗಣಿತದಲ್ಲೂ. ಮಾರನೇ ವರ್ಷವೇ ಡೆಟ್ರಾಯ್ಟ್ ಫ್ರೀ ಪ್ರೆಸ್ ಪತ್ರಿಕೆ, ವರ್ಷಕ್ಕೆ ನೂರು ಕೋಟಿ ಡಾಲರ್ ಈ ಶಾಲೆಗಳಿಗೆ ಹೋಗ್ತಿದೆ, ಹೇಳೋರು ಕೇಳೋರು ಇಲ್ಲ ಅಂತ ಸರಣಿ ಬರೆಯಿತು. ಎರಡೂ ಒಂದೇ ರಾಜ್ಯದ ಮಾತು. ಸರಾಸರಿ ಮೇಲೆ ಹೋಗ್ತಿದ್ದಾಗಲೂ ಒಬ್ಬ ಹುಡುಗಿಯ ಐದು ವರ್ಷ ನೀರಲ್ಲಿ ಹೋಗಬಹುದು. ಸರಾಸರಿಗೆ ಅಜ್ಜಿ ಮನೆ ಇರೋಲ್ಲ.

ಇನ್ನೊಂದು ವಿಷಯ ನನ್ನನ್ನ ಬಹಳ ಕಾಡಿದ್ದು. ಡೆಟ್ರಾಯ್ಟ್ ಊರಲ್ಲಿ 1950ರಲ್ಲಿ ಹದಿನೆಂಟು ಲಕ್ಷ ಜನ ಇದ್ದರು. 2010ರ ಹೊತ್ತಿಗೆ ಏಳು ಲಕ್ಷ ಚಿಲ್ಲರೆ. ಮಕ್ಕಳು ಕಡಿಮೆಯಾಗ್ತಾ ಹೋದ ಆ ಊರಲ್ಲೇ ಹೊಸ ಹೊಸ ಶಾಲೆಗಳು ಏಳ್ತಾ ಹೋದವು. ಯಾಕಂದ್ರೆ ಸಹಿ ಹಾಕೋರು ಹಲವರು. ಕೆನಡಾ ಗಡಿ ಹತ್ತಿರ ಮೂಲನಿವಾಸಿಗಳು ನಡೆಸೋ ಬೇ ಮಿಲ್ಸ್ ಕಾಲೇಜು ಕೂಡ ನೂರಾರು ಮೈಲಿ ದೂರದ ಡೆಟ್ರಾಯ್ಟ್ ಶಾಲೆಗಳಿಗೆ ಅನುಮತಿ ಕೊಡುತ್ತೆ. ಎಲ್ಲ ಯೂನಿವರ್ಸಿಟಿಗಳೂ ಸೇರಿ 150 ಶಾಲೆ ಮಾತ್ರ ಅಂತ ಇದ್ದ ಮಿತಿಯನ್ನ 2011ರ ಕಾನೂನು ಹಂತಹಂತವಾಗಿ ತೆಗೆದುಹಾಕಿತು. ಒಂದೊಂದು ಸಹಿಯನ್ನೂ ಬೇರೆಬೇರೆಯಾಗಿ ನೋಡಿದ್ರೆ ನಿಯಮದ ಪ್ರಕಾರ ಸರಿ, ಉದ್ದೇಶವೂ ಒಳ್ಳೇದೇ. ಒಟ್ಟು ಎಷ್ಟಾಯ್ತು ಅಂತ ಎಣಿಸೋ ಕೆಲಸ ಮಾತ್ರ ಯಾರದ್ದೂ ಅಲ್ಲ. ನಾನು ಅರಸೀಕೆರೆ ಕಡೆಯವನು, ಇದು ನಂಗೆ ಬೇಗ ಅರ್ಥವಾಗುತ್ತೆ. ನಮ್ಮೂರಲ್ಲಿ ಪ್ರತಿಯೊಬ್ಬನೂ ಬೋರ್ ಕೊರೆಸಿದ್ದು ಅವನವನ ತೆಂಗು ಉಳಿಸಿಕೊಳ್ಳೋಕೆ. ಒಬ್ಬರದ್ದೂ ತಪ್ಪಿಲ್ಲ. ಅಂತರ್ಜಲ ಮಾತ್ರ ಹೋಯ್ತು. ಅರ್ಧರ್ಧ ತುಂಬಿದ ಕ್ಲಾಸ್‌ರೂಮುಗಳೂ ಅಷ್ಟೇ. ಮಗುವಿನ ಹಿಂದೆ ದುಡ್ಡು ಹೋಗೋ ವ್ಯವಸ್ಥೆಯಲ್ಲಿ ಮಕ್ಕಳು ಕಡಿಮೆಯಾದ ಪ್ರತಿ ಶಾಲೆಗೂ ನೀರು ಕಡಿಮೆ, ಮ್ಯೂಸಿಕ್ ಟೀಚರ್‌ಗೆ ಮೊದಲು ಕತ್ತರಿ.

ಈಗ ಆ 1,35,000 ಡಾಲರ್‌ಗೆ ಬರ್ತೀನಿ. ಶಾಲೆ ತೆರೆದಿದ್ರೆ ಯೂನಿವರ್ಸಿಟಿಗೆ ಆ ದುಡ್ಡು, ಮುಚ್ಚಿದ್ರೆ ಇಲ್ಲ. ಹಾಗಿರುವಾಗ ಮುಚ್ಚೋ ತೀರ್ಮಾನ ತಗೊಂಡವರು ತಮ್ಮ ಜೇಬಿಗೆ ವಿರುದ್ಧವೇ ನಡೆದುಕೊಂಡರು. ಇದನ್ನ ಒಪ್ಪಿಕೊಳ್ಳಲೇಬೇಕು. ನಮ್ಮ ಕಾಲೇಜಿಗೆ ಬಂದ ಕಮಿಟಿಗಳು ಹಾಗೆ ಮಾಡಿದ್ರೆ ನನ್ನ ಜೂನಿಯರ್ ಬ್ಯಾಚ್‌ಗಳಾದ್ರೂ ಬದುಕ್ತಿದ್ದವು. ಆದ್ರೂ ನನ್ನ ಸಹೋದ್ಯೋಗಿಯ ಪ್ರಶ್ನೆ ಹಾಗೇ ಉಳಿಯುತ್ತೆ. ಸಹಿ ಹಾಕಿದವರು ಕಳ್ಕೊಂಡದ್ದು ಫೀಸು. ಸಹಿ ನಂಬಿದವರು ಕಳ್ಕೊಂಡದ್ದು ಐದು ವರ್ಷ. ಅನುಮತಿ ಕೊಟ್ಟವನ ಹೊಣೆ ಎಷ್ಟು? ಶಾಲೆ ನಡೆಸಿದವರು ನಾವಲ್ಲ ಅನ್ನೋದು ಸಾಕಾ?

ನಮ್ಮ ಕೆಲಸದಲ್ಲೂ ಇದು ದಿನಾ ಬರುತ್ತೆ. ಶುಕ್ರವಾರ ಸಂಜೆ ಯಾರದ್ದೋ ಕೋಡ್ ರಿವ್ಯೂಗೆ ಬರುತ್ತೆ, ಮೇಲೆ ಕೆಳಗೆ ಸ್ಕ್ರಾಲ್ ಮಾಡಿ ಅಪ್ರೂವ್ ಒತ್ತಿ ಮನೆಗೆ ಹೋಗ್ತೀವಿ. ಭಾನುವಾರ ಪ್ರೊಡಕ್ಷನ್ ಬಿದ್ರೆ ಬರೆದೋನನ್ನ ಹುಡುಕ್ತಾರೆ. ಅಪ್ರೂವ್ ಮಾಡಿದೋನ ಹೆಸರು ಪಕ್ಕದಲ್ಲೇ ಇರುತ್ತೆ, ಯಾರೂ ಓದೋಲ್ಲ.

ನಮ್ಮಪ್ಪನ ಕಾಲದಲ್ಲಿ ಓದ್ತಿದ್ರು. ಹಳ್ಳಿಯಲ್ಲಿ ಸೊಸೈಟಿ ಸಾಲಕ್ಕೆ ಜಾಮೀನು ಅಂತ ಒಂದಿದೆ. ನಾನು ಆರನೇ ಕ್ಲಾಸಿನಲ್ಲಿದ್ದಾಗ ಪಕ್ಕದ ಬೀದಿಯ ಒಬ್ಬರು ಮೋಟಾರಿಗೆ ಅಂತ ಸಾಲ ತೆಗೆದ್ರು. ಅಪ್ಪ ಜಾಮೀನು ನಿಂತ್ರು. ಎರಡು ವರ್ಷ ಮಳೆ ಬರಲಿಲ್ಲ, ಅವರು ಕಟ್ಟಲಿಲ್ಲ, ನೋಟೀಸು ನಮ್ಮನೆಗೆ ಬಂತು. ಅಪ್ಪ ಒಂದು ಹಸು ಮಾರಿ ಕಟ್ಟಿದ್ರು. ಅಮ್ಮ ವಾರಗಟ್ಟಲೆ ಅಂತಿದ್ಲು, "ಸಾಲ ತಿಂದೋನು ಅವ್ನು, ಹೋಗಿದ್ದು ನಮ್ಮನೆ ಹಸ." ಅಪ್ಪ ವಾದ ಮಾಡ್ತಿರಲಿಲ್ಲ. "ಸಯಿ ನಂದು ಕಣೇ" ಅಷ್ಟೇ.

ಇದನ್ನೇ ಆದರ್ಶ ಅಂತ ಹಿಡಿದು ಯೂನಿವರ್ಸಿಟಿಗಳಿಗೂ ಹಸು ಮಾರಿಸಿಬಿಡೋಣ ಅನ್ನಿಸುತ್ತೆ. ಶಾಲೆ ಬಿದ್ರೆ ಪ್ರತಿ ಮಗುವಿಗೂ ಪರಿಹಾರ ಕಟ್ಟಿ ಅಂತ. ಮುಂದಿನ ಭಾಗ ಗೊತ್ತಿರೋದ್ರಿಂದ ನಾನು ಅಷ್ಟು ಸಲೀಸಾಗಿ ಹೇಳಲಾರೆ. ಅದಾದ ಮೇಲೆ ನಾಲ್ಕು ವರ್ಷ ಅಪ್ಪ ಯಾರಿಗೂ ಸಹಿ ಹಾಕಲಿಲ್ಲ. ಒಂದೆಕರೆ ಇದ್ದ ಒಬ್ಬರು ಎರಡು ಸಲ ಮನೆ ಬಾಗಿಲಿಗೆ ಬಂದು ವಾಪಸ್ ಹೋದದ್ದು ನಾನೇ ನೋಡಿದೀನಿ. ಬೇರೆ ಯಾರೂ ನಿಲ್ಲಲಿಲ್ಲ, ಸಾಲ ಸಿಗಲಿಲ್ಲ. ಅವರ ಮಗ ನನ್ನ ಕ್ಲಾಸ್‌ಮೇಟು. ಏಳನೇ ಕ್ಲಾಸು ಮುಗಿಸಿ ಬೆಂಗಳೂರಿಗೆ ಬೇಕರಿ ಕೆಲಸಕ್ಕೆ ಹೋದ. ಜಾಮೀನುದಾರನಿಗೆ ನಷ್ಟ ಜಾಸ್ತಿ ಮಾಡಿದಷ್ಟೂ ಜಾಮೀನು ಸಿಗೋದು ಈಗಾಗಲೇ ಉಳ್ಳವರಿಗೆ ಮಾತ್ರ. ಯೂನಿವರ್ಸಿಟಿಯೂ ಹಾಗೇ ಮಾಡುತ್ತೆ. ಎರಡು ವರ್ಷ ಹಿಂದೆ ಬಿದ್ದ ಮಕ್ಕಳಿರೋ ಬೀದಿಗೆ ಹೋಗಿ ಯಾರು ಸಹಿ ಹಾಕ್ತಾರೆ? ಟ್ರಾಯ್, ನೊವೈ ಮಕ್ಕಳು ಯಾರ ಸಹಿ ಇಲ್ಲದೆಯೂ ಓದ್ಕೊಳ್ತಾರೆ.

ಬೆಂಬಲ ಕೊಡೋದು, ತೀರ್ಪು ಕೊಡೋದು ಒಂದೇ ಕೈ ಆಗಬಾರದು ಅನ್ನೋ ವಾದವೂ ಅಲ್ಲಿದೆ. ನಿಮ್ಮ ಮ್ಯಾನೇಜರ್ ಸೋಮವಾರ "ಏನು ಕಷ್ಟ ಇದ್ರೂ ಹೇಳು" ಅಂತಾರೆ, ಮಾರ್ಚ್‌ನಲ್ಲಿ ಅವರೇ ರೇಟಿಂಗ್ ಹಾಕ್ತಾರೆ. ಯಾರಾದ್ರೂ ನಿಜವಾದ ಕಷ್ಟ ಹೇಳಿದ್ದು ನೋಡಿದೀರಾ? ಪ್ರಿನ್ಸಿಪಾಲ್ ಕೂಡ ಯೂನಿವರ್ಸಿಟಿಯವರ ಮುಂದೆ ನನ್ನ ಥರವೇ "ಹೌದು ಸರ್" ಅಂದುಬಿಡೋ ಸಾಧ್ಯತೆ ಇದೆ. ಈ ವಾದದಲ್ಲಿ ತೂಕ ಇದೆ, ಆದ್ರೆ ನಂಗೆ ಪೂರ್ತಿ ಒಪ್ಪಿಗೆಯಿಲ್ಲ. ಯಾವತ್ತೂ ಸಹಾಯ ಮಾಡದೆ ಐದನೇ ವರ್ಷ ಬಂದು ತೀರ್ಪು ಕೊಡೋನಿಗೆ ಆ ಶಾಲೆಯ ಬಗ್ಗೆ ಗೊತ್ತಿರೋದಾದ್ರೂ ಏನು? ನ್ಯೂಯಾರ್ಕ್‌ನಲ್ಲಿ ಸುನಿ ಅಂತ ಕರೆಯೋ ಅಲ್ಲಿನ ಸ್ಟೇಟ್ ಯೂನಿವರ್ಸಿಟಿಯ ಟ್ರಸ್ಟಿಗಳು ಐದೈದು ವರ್ಷಕ್ಕೆ ಚಾರ್ಟರ್ ಕೊಟ್ಟು, ನವೀಕರಣಕ್ಕೆ ಮೊದಲು ಜನ ಕಳಿಸಿ ಕ್ಲಾಸ್‌ರೂಮಿನಲ್ಲಿ ಕೂರಿಸಿ ನೋಡ್ತಾರೆ. ಕ್ಲಾಸ್‌ರೂಮಿನಲ್ಲಿ ಕೂತವನಿಗೆ ಗ್ರಾಫಿನಲ್ಲಿ ಕಾಣದ್ದು ಕಾಣುತ್ತೆ. ನಮ್ಮ ಲ್ಯಾಬಿನಲ್ಲಿ ಆ ಮೇಷ್ಟ್ರಿಗೆ ಪ್ಲಾಸ್ಟಿಕ್ ಕವರ್ ಕಂಡ ಹಾಗೆ. ಕಂಡ ಮೇಲೂ ಅವರು ಸಹಿ ಹಾಕಿದ್ದು ಬೇರೆ ಮಾತು. ಮೂರು ಗಂಟೆಯಲ್ಲಿ ಅವರು ಮಾಡಬಹುದಾಗಿದ್ದಾದ್ರೂ ಏನು ಅಂತ ಈಗ ಯೋಚಿಸ್ತೀನಿ. ಮೂರು ತಿಂಗಳಿಗೊಮ್ಮೆ ಬರ್ತಿದ್ರೆ ಟೆಂಪೋ ಬಾಡಿಗೆ ಕೊಟ್ಟು ಸಾಕಾಗಿ ನಮ್ಮ ಟ್ರಸ್ಟಿನವರು ಕಂಪ್ಯೂಟರ್‌ಗಳನ್ನ ಅಲ್ಲೇ ಬಿಟ್ಟುಬಿಡ್ತಿದ್ರೋ ಏನೋ.

ಮುಚ್ಚಲೇಬೇಕಾಗಿ ಬಂದಾಗ? ಈ ಅನುಮತಿ ಕೊಡೋರದ್ದೇ ರಾಷ್ಟ್ರೀಯ ಸಂಘ ಒಂದಿದೆ. ಅವರ ಮಾರ್ಗಸೂಚಿಯಲ್ಲಿ ಶಾಲೆ ಮುಚ್ಚೋದಕ್ಕೂ ಒಂದು ಕ್ರಮ ಇರಬೇಕು, ತಂದೆತಾಯಿಗೆ ಬೇಗ ತಿಳಿಸಬೇಕು, ಮಕ್ಕಳ ದಾಖಲೆ, ಮುಂದಿನ ಶಾಲೆ ಎಲ್ಲ ನೋಡಬೇಕು ಅಂತಿದೆ. ನನ್ನ ಸಹೋದ್ಯೋಗಿಗೆ ಸಿಕ್ಕಿದ್ದು ಪತ್ರದ ಹಿಂಬದಿ ಹನ್ನೊಂದು ಶಾಲೆಗಳ ಪಟ್ಟಿ. ಅದರಲ್ಲಿ ನಾಲ್ಕು, ಇವರ ಮಗಳ ಶಾಲೆಗಿಂತ ಕಡಿಮೆ ಕಲಿಸೋ ಶಾಲೆಗಳು. ಅದನ್ನ ಅವರೇ ಕೂತು ಒಂದೊಂದಾಗಿ ಹುಡುಕಿದ್ರು, ಟೆಸ್ಟರ್ ಅಲ್ವಾ. ಎರಡರಲ್ಲಿ ಸೀಟಿಲ್ಲ. ಕೊನೆಗೆ ಸಿಕ್ಕಿದ್ದು ಒಂದು ಪರವಾಗಿಲ್ಲ ಅನ್ನೋ ಶಾಲೆ, ಎರಡು ಬಸ್ಸು. ಬೆಳಗ್ಗೆ ಆರೂಕಾಲಿಗೆ ಹೊರಡಬೇಕು. ನಾನು ವಾಪಸ್ ಬರೋ ಹೊತ್ತಿಗೆ ಆ ಹುಡುಗಿ ಓದೋದ್ರಲ್ಲಿ ಒಂದು ವರ್ಷದಷ್ಟು ಮುಂದೆ ಬಂದಿದ್ಲು. ಹಾಡೋದು ಬಿಟ್ಟಿದ್ಲು. ಲಾಭವೋ ನಷ್ಟವೋ ಅಂತ ಅವರನ್ನ ಕೇಳಲಿಲ್ಲ. ನನ್ನದೇ ಲೆಕ್ಕ ನಂಗಿನ್ನೂ ಸಿಕ್ಕಿಲ್ಲ. ಅಂಥ ಕಾಲೇಜಿನಲ್ಲಿ ಓದಿಯೂ ಕೆಲಸ ಸಿಕ್ತು. ನನ್ನ ಜೊತೆ ಟೆಂಪೋದಿಂದ ಡಬ್ಬ ಇಳಿಸಿದ ಹನ್ನೆರಡು ಹುಡುಗರಲ್ಲಿ ಏಳು ಜನ ಡಿಗ್ರಿಯನ್ನೇ ಮುಗಿಸಲಿಲ್ಲ.

ಅಪ್ಪ ಐದನೇ ವರ್ಷ ಮತ್ತೆ ಒಂದು ಜಾಮೀನಿಗೆ ಸಹಿ ಹಾಕಿದ್ರು. ಅಮ್ಮನಿಗೆ ಹೇಳದೆ. ಈ ಸಲ ಸಹಿಗೆ ಮೊದಲು ಆ ಮನುಷ್ಯನ ಹೊಲಕ್ಕೆ ಹೋಗಿ ಒಂದು ಮಧ್ಯಾಹ್ನ ಪೂರ್ತಿ ಬದುವಿನ ಮೇಲೆ ಕೂತಿದ್ರಂತೆ. ಸಹಿ ಹಾಕಿದ ಮೇಲೆ ವಾರಕ್ಕೆರಡು ಸಲ ಸಂಜೆ ಆ ಕಡೆ ಹೋಗೋರು. ಒಂದು ಸಲ ಗೊಬ್ಬರ ಕಡಿಮೆ ಬಿತ್ತು ಅಂತ ನಮ್ಮ ಮನೆಯಿಂದ ಎರಡು ಗಾಡಿ ಹೊಡೆಸಿದ್ರು. ಇನ್ನೊಂದು ಸಲ ಆ ಮನುಷ್ಯ ರಾಗಿ ಮಾರಿದ ದುಡ್ಡಲ್ಲಿ ಟಿವಿ ತರೋಕೆ ಹೊರಟಾಗ ಬಸ್‌ಸ್ಟ್ಯಾಂಡಿನಲ್ಲೇ ಜಗಳ ಆಡಿದ್ರು. ನಮ್ಮಪ್ಪನಿಗೆ ಇದೆಲ್ಲ ಮಾಡೋಕೆ ಆದದ್ದು ಆ ಹೊಲ ಮನೆಯಿಂದ ಹತ್ತು ನಿಮಿಷದ ದಾರಿ ಅನ್ನೋದಕ್ಕೆ, ಅದೂ ನಿಜ. ಮೌಂಟ್ ಪ್ಲೆಸೆಂಟ್‌ನಿಂದ ಡೆಟ್ರಾಯ್ಟ್‌ಗೆ ಕಾರಿನಲ್ಲಿ ಎರಡೂವರೆ ಗಂಟೆ.

ಹೋದ ಹಬ್ಬಕ್ಕೆ ಊರಿಗೆ ಹೋದಾಗ ಆ ಮನುಷ್ಯ ಅರಳಿಕಟ್ಟೆ ಹತ್ತಿರ ಸಿಕ್ಕಿದ್ರು. ಈಗ ವಯಸ್ಸಾಗಿದೆ. ಆ ಸಾಲದ ವಿಷಯ ಎತ್ತಿದೆ. ಅವರಿಗೆ ಇನ್ನೂ ಸಿಟ್ಟು ಇಳಿದಿರಲಿಲ್ಲ.

"ಬ್ಯಾಂಕ್ನೋರು ಬಂದಿದ್ರೆ ಏನಾದ್ರೂ ಹೇಳಿ ಕಳಿಸ್ಬೋದಿತ್ತು ಕಣಪ್ಪ. ನಿಮ್ಮಪ್ಪ ಬಂದು ಬದಿನ ಮ್ಯಾಲೆ ಕುಂತ್ಕಂಬುಡೋನು. ಅವನ ಕಾಟ ತಡೀಲಾರ್ದೇ ಸಾಲ ತೀರಿಸ್ದೆ."